ಒಂಟಿಕಾಲಿನ ಧರ್ಮಯಾತ್ರೆ

ದಾನಕ್ಕೆ ಧನವೊಂದೇ ಸಾಧನವೆಂದು ನಾವು ಭಾವಿಸುವುದುಂಟು. ಕೆನಡಾ ದೇಶದ ತರುಣ ಟೆರ್ರಿ ಫಾಕ್ಸನು ತನ್ನ ಹೆಜ್ಜೆಗಳನ್ನೇ ದಾನವಾಗಿತ್ತನು. 1977ರಲ್ಲಿ ಮೂಳೆಯ ಕ್ಯಾನ್ಸರು ಆತನ ಬಲಗಾಲನ್ನು ಕಸಿದುಕೊಂಡಿತು. ಆಸ್ಪತ್ರೆಯಲ್ಲಿ ಕಂಡ ರೋಗಿಗಳ ಸಂಕಟವನ್ನು ಆತನು ಮರೆಯಲಿಲ್ಲ. 1980ರ ಏಪ್ರಿಲ್ 12ರಂದು ಕೃತಕ ಕಾಲಿನಿಂದ ಹೊರಟು, ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸುತ್ತ, 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದನು. ರೋಗವು ಶ್ವಾಸಕೋಶಕ್ಕೆ ಹಬ್ಬಲು ಓಟವು ನಿಂತಿತು. 1981ರಲ್ಲಿ, 22ರ ಹರೆಯದಲ್ಲಿ, ಆತನು ತೀರಿಕೊಂಡನು. ಆತನ ಹೆಸರಿನ ಧರ್ಮಾರ್ಥ ಓಟ-ನಡಿಗೆಗಳು ಮಾತ್ರ ಅನೇಕ ದೇಶಗಳಲ್ಲಿ ಇಂದಿಗೂ ಸಾಗಿವೆ.

ನಮ್ಮ ಸೀಮೆಯಲ್ಲಿಯೂ, ಕ್ಯಾನ್ಸರಿಗೆ ತಂಗಿಯನ್ನು ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ 1954ರಲ್ಲಿ ಅಡೆಯಾರಿನ ಕ್ಯಾನ್ಸರ್ ಆಸ್ಪತ್ರೆಯು 12 ಹಾಸಿಗೆಗಳೊಡನೆ ಆರಂಭವಾಯಿತು.

ಮಾರಂಡಹಳ್ಳಿಯ ನಾವು ಮಾಡಬೇಕಾದುದೇನು? ಮಾಯದ ಹುಣ್ಣನ್ನಾಗಲಿ ಕರಗದ ಗಂಟನ್ನಾಗಲಿ ಮುಚ್ಚಿಡದೆ ವೈದ್ಯರಿಗೆ ತೋರಿಸೋಣ. ನಮ್ಮ ಮೊದಲ ಹೆಜ್ಜೆ ಅದೇ ಆಗಲಿ.