ಶ್ರಾವಣದ ಮಾಲು, ಶ್ರಾವಣದ ಹೊಳೆ

ತಮ್ಮಾ, ಗೋಕಾಕದ ಪೇಟೆಯಲ್ಲಿ ಬಟ್ಟೆ ಅಂಗಡಿ ಹಾಕುತ್ತಿದ್ದೀ ಎಂದು ಕೇಳಿ ಸಂತೋಷವಾಯಿತು. ಯಾವ ಮಾಲು ಓಡುತ್ತದೆ, ಯಾರಿಗೆ ಉದ್ರಿ ಕೊಡಬಾರದು ಎಂಬುದನ್ನೆಲ್ಲ ಪೇಟೆಯೇ ಕಲಿಸುತ್ತದೆ. ಆದರೆ ಹೊಳೆ ಪಾಠ ಕಲಿಸುವ ಹೊತ್ತಿಗೆ ಬಂಡವಾಳವೇ ಹೋಗಿರುತ್ತದೆ. ಅದಕ್ಕೇ ಈ ಮಾತು.

ನಮ್ಮೂರಿಗೆ ನೆರೆ ಬರಲು ನಮ್ಮೂರಲ್ಲೇ ಮಳೆಯಾಗಬೇಕೆಂದಿಲ್ಲ. ಸಹ್ಯಾದ್ರಿಯಲ್ಲಿ ಮಳೆ ಹೊಡೆದು ಹಿಡಕಲ್ ಜಲಾಶಯದ ಗೇಟು ಎತ್ತಿದರೆ, ಅದೇ ಹೊತ್ತಿಗೆ ಮಾರ್ಕಂಡೇಯ ಹೊಳೆಯೂ ಉಕ್ಕಿದರೆ, ನಮ್ಮ ಹೊಳೆ ಘಟಪ್ರಭೆ ಊರೊಳಗೆ ಬರುತ್ತಾಳೆ. 2019ರ ಆಗಸ್ಟ್‌ನಲ್ಲಿ ಹಾಗೆಯೇ ಬಂದಳು. ಮೇಲಿನ ನೀರು ಇಲ್ಲಿಗೆ ಮುಟ್ಟಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಮೊದಲೇ ಎಲ್ಲ ಗೊತ್ತುಮಾಡಿಕೊಂಡವನಿಗೆ ಆ ಹೊತ್ತು ಸಾಕು. ಆಗ ಯೋಚಿಸಲು ಕೂತವನಿಗೆ ಸಾಲದು. ಆದ್ದರಿಂದ ಆಗಸ್ಟ್‌ನಲ್ಲಿ ಏನು ಮಾಡಬೇಕೆಂಬುದನ್ನು ಮೇ ತಿಂಗಳಲ್ಲೇ ತೀರ್ಮಾನಿಸು.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಅಕ್ಕಪಕ್ಕದ ಹಳೆಯ ಅಂಗಡಿಕಾರರನ್ನು ಕೇಳು: 2019ರಲ್ಲಿ ನೀರು ಗೋಡೆಯ ಎಲ್ಲಿಯವರೆಗೆ ನಿಂತಿತ್ತು? ಅಲ್ಲಿ ಗೆರೆ ಎಳೆ. ಮೀಟರ್, ಸ್ವಿಚ್‌ಬೋರ್ಡ್, ಇನ್ವರ್ಟರ್, ಬೆಲೆಬಾಳುವ ಸೀರೆಗಳ ಕಪಾಟು ಎಲ್ಲವೂ ಆ ಗೆರೆಯ ಮೇಲಿರಲಿ. ಎತ್ತರದ ಜಾಗದಲ್ಲಿ ಒಂದು ಖೋಲಿ, ಕರೆದರೆ ಬರುವ ಒಬ್ಬ ಟೆಂಪೊದವನು, ಎರಡನ್ನೂ ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿಡು. ನೀರು ಬಂದ ದಿನ ಇಡೀ ಪೇಟೆಗೆ ಟೆಂಪೊ ಬೇಕಾಗಿರುತ್ತದೆ.

ಶ್ರಾವಣಕ್ಕೆ ನಾವು ಅಂಗಡಿ ತುಂಬುತ್ತೇವೆ. ಹೊಳೆ ತುಂಬುವುದೂ ಆಗಲೇ. 2019ರಲ್ಲಿ ಪಂಚಮಿ ಹಬ್ಬದ ವಾರವೇ ನೆರೆ ಬಂತು. ಹಬ್ಬದ ಮಾಲನ್ನೆಲ್ಲ ಒಂದೇ ಸಲ ತಂದು ಒಟ್ಟಬೇಡ. ಎರಡು ಕಂತಿನಲ್ಲಿ ತರಿಸು. ಲಾಭ ತುಸು ಕಡಿಮೆಯಾದರೂ ಆಗಲಿ.

ವಿಮೆಯ ವಿಷಯದಲ್ಲಿ ಸೋಮಾರಿತನ ಮಾಡಬೇಡ. 5 ಕೋಟಿ ರೂಪಾಯಿವರೆಗಿನ ಆಸ್ತಿಯ ಸಣ್ಣ ಉದ್ಯಮಗಳಿಗೆಂದೇ 2021ರ ಏಪ್ರಿಲ್‌ನಿಂದ 'ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ ಇದೆ. ಬೆಂಕಿ, ಭೂಕಂಪ, ಬಿರುಗಾಳಿಯ ಜೊತೆಗೆ ನೆರೆಹಾವಳಿಯೂ ಅದರಲ್ಲಿ ಸೇರಿದೆ. ಬ್ಯಾಂಕಿನವರು ಸಾಲದ ಜೊತೆ ವಿಮೆ ಮಾಡಿಸಿದ್ದರೆ ಅದರ ಪ್ರತಿ ಕೇಳಿ ಪಡೆ. ಕಟ್ಟಡಕ್ಕಷ್ಟೇ ಇದೆಯೋ, ಮಾಲಿಗೂ ಇದೆಯೋ, ವಿಳಾಸ ಸರಿಯಿದೆಯೋ, ಕುಳಿತು ಓದು. ವಿಮೆಯ ಮೊತ್ತ ಹಬ್ಬದ ದಿನಗಳ ಮಾಲಿನ ಲೆಕ್ಕದಲ್ಲಿರಲಿ. ತೀರ ಕಡಿಮೆ ತೋರಿಸಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಖರೀದಿ ಬಿಲ್ಲು, ಸ್ಟಾಕ್ ಲೆಕ್ಕ, ಉದ್ರಿ ಖಾತೆ, ಉದ್ಯಮ್ ನೋಂದಣಿ ಪತ್ರ, ಪಾಲಿಸಿ ಎಲ್ಲದರ ಫೋಟೊ ತೆಗೆದು ಪ್ರತಿ ತಿಂಗಳು ಬೇರೆ ಊರಿನಲ್ಲಿರುವ ನಿನ್ನವರೊಬ್ಬರಿಗೆ ಕಳಿಸು. ಉದ್ರಿ ಖಾತೆ ನೀರುಪಾಲಾದರೆ ಬರಬೇಕಾದ ಹಣವೂ ನೀರುಪಾಲಾದಂತೆ. ಟೆಂಪೊಗೆ ಮೊದಲು ಏರಬೇಕಾದದ್ದು ಖಾತೆ ಪುಸ್ತಕ, ಆಮೇಲೆ ಸೀರೆ.

ನೀರು ಬಾಗಿಲಿಗೆ ಬಂದಿತೆಂದರೆ ಮೇನ್ ಸ್ವಿಚ್ ಇಳಿಸಿ ಹೊರಡು. ನೀರು ಆಗಲೇ ಒಳಗೆ ನುಗ್ಗಿದ್ದರೆ ಸ್ವಿಚ್‌ಬೋರ್ಡಿನ ಹತ್ತಿರವೂ ಸುಳಿಯಬೇಡ. ಉಳಿದ ಗಂಟು ತರಲು ತಿರುಗಿ ಹೋಗಬೇಡ, ಕೆಲಸದ ಹುಡುಗರನ್ನೂ ಕಳಿಸಬೇಡ. ಅವರ ತಾಯಿ ತಂದೆಗೆ ಉತ್ತರ ಕೊಡಬೇಕಾದವನು ನೀನು.

ನೀರು ಇಳಿದ ಮೇಲೆ ಕೆಸರು ಬಳಿಯುವ ಆತುರ ಬೇಡ. ಮೊದಲು ಫೋಟೊ, ವಿಡಿಯೊ ತೆಗೆ. ಅಂದೇ ವಿಮೆ ಕಂಪನಿಗೆ ತಿಳಿಸು. ಸರ್ವೇಯರ್ ನೋಡುವವರೆಗೆ ಹಾಳಾದ ಮಾಲನ್ನು ಎಸೆಯಬೇಡ. ತಹಶೀಲ್ದಾರ್ ಕಚೇರಿಯವರು ಹಾನಿಯ ಸಮೀಕ್ಷೆಗೆ ಬಂದಾಗ ಅಂಗಡಿಯಲ್ಲೇ ಇರು. ನೆನೆದ ಯಂತ್ರಗಳನ್ನು ಎಲೆಕ್ಟ್ರಿಷಿಯನ್ ನೋಡದೆ ಚಾಲೂ ಮಾಡಬೇಡ. ನೈಸರ್ಗಿಕ ವಿಕೋಪವಾದ ಕಡೆ ಸಾಲದ ಕಂತುಗಳನ್ನು ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಬರೆದುಕೊಡು. ನಾಚಿಕೆಯಿಂದ ಮನೆಯಲ್ಲಿ ಕೂರಬೇಡ.

ವ್ಯಾಪಾರದಲ್ಲಿ ಧೈರ್ಯ ಬೇಕು ನಿಜ, ಆದರೆ ಹೊಳೆಯ ಮುಂದೆ ಧೈರ್ಯ ನಡೆಯುವುದಿಲ್ಲ, ತಯಾರಿ ನಡೆಯುತ್ತದೆ. ಗೋಡೆಯ ಮೇಲೆ ಗೆರೆ, ಕೈಯಲ್ಲಿ ಪಾಲಿಸಿ, ಬೇರೆ ಊರಲ್ಲಿ ಕಾಗದಪತ್ರದ ಪ್ರತಿ: ಈ ಮೂರನ್ನು ಮಾಡಿ ಮುಗಿಸಿಯೇ ಅಂಗಡಿಯ ಪೂಜೆಗೆ ನಮ್ಮನ್ನೆಲ್ಲ ಕರೆ.