ಸಸಿ ಮಡಿಯ ಮನೆಗಳು

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಆದರೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಕಡೆ ಹೋದರೆ ತೆಂಗು, ಅಡಿಕೆ ತೋಟ ಕಾಣುತ್ತವೆ. ಪ್ರತಿ ಮರವೂ ಒಂದು ದಿನ ಮೊಣಕಾಲುದ್ದದ ಸಸಿಯಾಗಿತ್ತು. ಆ ಸಸಿಯನ್ನು ಯಾರೋ ಸಾಕಿದ್ದರು. ಅಂಥ ಮನೆಗಳ ವಿಚಾರ ಇವತ್ತು ಓದೋಣ.

ನೀರು ಬಂತು, ತೋಟ ಬಂತು

ವೇದಾವತಿ ಹೊಳೆಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವ ಕೆಲಸ 1898ರಲ್ಲಿ ಶುರುವಾಯಿತು. 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ಹಿರಿಯೂರಿನ ಹೊಲಗಳಿಗೆ ಕಾಲುವೆ ನೀರು ಹರಿಯಿತು. ನೀರು ಬಂದ ಕಡೆ ತೋಟ ಎದ್ದಿತು. ತೋಟಕ್ಕೆ ಸಸಿ ಬೇಕು. ತಮ್ಮ ಸಸಿಯನ್ನು ತಾವೇ ಮಾಡಿಕೊಳ್ಳುವ ಮನೆಗಳು, ಮಿಕ್ಕಿದ್ದನ್ನು ನೆಂಟರಿಗೆ, ನೆರೆಯವರಿಗೆ ಕೊಟ್ಟವು. ಕೆಲವು ಮನೆಗಳಿಗೆ ಅದೇ ಕಸುಬಾಯಿತು.

1963ರಲ್ಲಿ ತೋಟಗಾರಿಕೆಗೆ ಬೇರೆ ಇಲಾಖೆ ಆಯಿತು. ಡಾ. ಎಂ. ಎಚ್. ಮರಿಗೌಡರು ಅದನ್ನು ಬೆಳೆಸಿದರು. ನಾಡಿನಲ್ಲಿ ನೂರಾರು ಸರ್ಕಾರಿ ತೋಟ, ಸಸ್ಯಕ್ಷೇತ್ರಗಳು ಬಂದವು. ಆಮೇಲೆ ಮಡಿಯ ಜೊತೆಗೆ ಪ್ಲಾಸ್ಟಿಕ್ ಚೀಲದ ಸಸಿಯೂ ಬಂತು.

ತಾಯಿಮರ ನೋಡಬೇಕು

ಒಳ್ಳೆಯ ಸಸಿ ಮಡಿಯಲ್ಲಿ ಹುಟ್ಟುವುದಿಲ್ಲ, ತಾಯಿಮರದಲ್ಲಿ ಹುಟ್ಟುತ್ತದೆ. ತೆಂಗಿನ ತಾಯಿಮರಕ್ಕೆ 20 ವರ್ಷ ದಾಟಿರಬೇಕು. ವರ್ಷಕ್ಕೆ 80 ಕಾಯಿಗೆ ಕಡಿಮೆ ಇಲ್ಲದೆ, ಪ್ರತಿ ವರ್ಷವೂ ಬಿಡಬೇಕು. ರೋಗ ಇರಬಾರದು. ಕಾಯಿ 11, 12 ತಿಂಗಳು ಬಲಿಯಬೇಕು. ಅಂಥ ಕಾಯಿಯನ್ನು ನೆರಳಿನಲ್ಲಿಟ್ಟು, ಆಮೇಲೆ ಮಡಿಯಲ್ಲಿ ಹೂಳುತ್ತಾರೆ. 5, 6 ತಿಂಗಳಾದರೂ ಮೊಳಕೆ ಬಾರದ ಕಾಯಿಯನ್ನು ಕಿತ್ತು ಹಾಕುತ್ತಾರೆ. 9ರಿಂದ 12 ತಿಂಗಳಿಗೆ ಸಸಿ ನಾಟಿಗೆ ಬರುತ್ತದೆ.

ಅಡಿಕೆಗೆ ಚೆನ್ನಾಗಿ ಹಣ್ಣಾದ, ತೂಕದ ಗೋಟು ಬೇಕು. ಅದನ್ನು ಒಣಗಿಸಬಾರದು. ತೊಟ್ಟು ಮೇಲೆ ಮಾಡಿ ಮರಳಿನ ಮಡಿಯಲ್ಲಿ ಇಡುತ್ತಾರೆ. ಒಂದೂವರೆ ತಿಂಗಳಲ್ಲಿ ಮೊಳಕೆ ಕಾಣುತ್ತದೆ. ಎರಡು ಎಲೆ ಬಂದ ಮೇಲೆ ಚೀಲಕ್ಕೆ ಬದಲಿಸುತ್ತಾರೆ. ವರ್ಷ, ಒಂದೂವರೆ ವರ್ಷದ ಸಸಿಯನ್ನು ತೋಟದಲ್ಲಿ ನೆಡುತ್ತಾರೆ.

ಮೋಸ ಬೇಗ ಗೊತ್ತಾಗಲ್ಲ

ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ಸ್ಟ್ರಾಬೆರಿ ಎಂಬ ಕೆಂಪು ಹಣ್ಣು ಬೆಳೆಯುತ್ತಾರೆ. ಅದರ ಗಿಡ ನೆಲದ ಮೇಲೆ ಬಳ್ಳಿ ಚಾಚುತ್ತದೆ. ಬಳ್ಳಿಯ ಗೆಣ್ಣು ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಆ ಮರಿ ತಾಯಿಯಂತೆಯೇ ಇರುತ್ತದೆ. ಮಳೆಗಾಲ ಮುಗಿಯುವಾಗ ನೆಟ್ಟರೆ ಚಳಿಗಾಲಕ್ಕೆ ಹಣ್ಣು. ಗಿಡ ಕೆಟ್ಟದಾದರೆ ಕೆಲವೇ ತಿಂಗಳಲ್ಲಿ ತಿಳಿಯುತ್ತದೆ.

ತೆಂಗು ಹಾಗಲ್ಲ. ನಮ್ಮ ಎತ್ತರದ ತಳಿ ಫಲ ಕೊಡಲು 6ರಿಂದ 8 ವರ್ಷ ಬೇಕು. ಅಡಿಕೆಗೂ 5, 6 ವರ್ಷ. ಅಷ್ಟು ದಿನ ನೀರು, ಗೊಬ್ಬರ, ಕೂಲಿ ಹಾಕಿದ ಮೇಲೆ ಮರ ಕಾಯಿ ಬಿಡದಿದ್ದರೆ? ಸಸಿಯ ದುಡ್ಡಷ್ಟೇ ಹೋಗಲ್ಲ, ಆಯುಸ್ಸಿನ 8 ವರ್ಷ ಹೋಗುತ್ತದೆ. ಅದಕ್ಕೇ ಸಸಿ ಮಡಿಯ ಮನೆಗೆ ಮಾತೇ ಬಂಡವಾಳ. ಅಜ್ಜ ಕೊಟ್ಟ ಸಸಿ ಬಿಟ್ಟ ಕಾಯಿ ನೋಡಿ, ಜನ ಮೊಮ್ಮಗನ ಹತ್ತಿರ ಸಸಿ ಕೇಳುತ್ತಾರೆ.

ಬರ ಬಂದಾಗ

2016ರಿಂದ 2018ರ ಬರದಲ್ಲಿ ಹಿರಿಯೂರು, ಹೊಸದುರ್ಗದ ಕಡೆ ಸಾವಿರಾರು ತೆಂಗಿನ ಮರ ಸುಳಿ ಒಣಗಿ ಬಿದ್ದವು. ಬಹಳ ಕೊಳವೆ ಬಾವಿ ಬತ್ತಿದವು. ತಾಯಿಮರವೇ ಹೋದರೆ ಬೀಜವೂ ಹೋಯಿತು. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933 ಆದ ಮೇಲೆ ಅದೇ ಮೊದಲು. ಬರ ಮುಗಿದು ನೀರು ಬಂದಾಗ ಜನ ಮತ್ತೆ ಸಸಿ ನೆಡುತ್ತಾರೆ. ಎಲ್ಲರಿಗೂ ಒಟ್ಟಿಗೆ ಸಸಿ ಬೇಕಾದಾಗಲೇ ಕಳಪೆ ಸಸಿ ಮಾರುವವರೂ ಬರುತ್ತಾರೆ. ಎಚ್ಚರ ಇರಬೇಕಾದ ಕಾಲ ಅದೇ.

ಅಕ್ಷರ ಕಾಯುತ್ತದೆ

ಬಾಯಿಮಾತು ಎಂಟು ವರ್ಷ ಉಳಿಯಲ್ಲ, ಬರಹ ಉಳಿಯುತ್ತದೆ. ಸಸಿ ಮಾಡುವವರು ಯಾವ ಮರದ ಬೀಜ, ಯಾವ ದಿನ ಹಾಕಿದ್ದು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಕೊಳ್ಳುವವರು ತಳಿಯ ಹೆಸರು, ಸಸಿಯ ವಯಸ್ಸು, ಬೆಲೆ, ತಾರೀಖು ಬರೆಸಿ ರಸೀದಿ ಪಡೆಯಬೇಕು. ಆದರೆ ತಾಯಿಮರವನ್ನೇ ಹೋಗಿ ನೋಡಬೇಕು. ತೆಂಗಿನ ಸಸಿಗೆ 6 ಎಲೆಯಾದರೂ ಇರಬೇಕು, ಬುಡ ದಪ್ಪ ಇರಬೇಕು. ರಸೀದಿಯನ್ನು ನಾವೇ ಓದಬೇಕು. ಚೀಲಕ್ಕೆ ಮಣ್ಣು ತುಂಬುವ ಅಕ್ಕಂದಿರೂ ತಾವು ತುಂಬಿದ ಲೆಕ್ಕವನ್ನು ತಾವೇ ಬರೆದುಕೊಂಡರೆ ಕೂಲಿಯಲ್ಲಿ ತಕರಾರು ಇರಲ್ಲ.

ಓದಿ ಹೇಳಿ

1. ಮಾರಿಕಣಿವೆ ಕಟ್ಟೆಯ ಕೆಲಸ ಎಷ್ಟು ವರ್ಷ ನಡೆಯಿತು?
2. ಕೆಟ್ಟ ತೆಂಗಿನ ಸಸಿಯಿಂದ ಏನೇನು ನಷ್ಟ?
3. ಒಂದು ಸಸಿಗೆ 80 ರೂಪಾಯಿ ಆದರೆ 40 ಸಸಿಗೆ ಎಷ್ಟು? ಅದಕ್ಕೆ ಒಂದು ರಸೀದಿ ಬರೆಯಿರಿ.
4. ನಿಮ್ಮ ಊರಿನ ಅತಿ ಹಳೆಯ ತೆಂಗಿನ ಮರ ಯಾವುದು? ಅದರ ಸಸಿ ಎಲ್ಲಿಂದ ಬಂತು? ಹಿರಿಯರನ್ನು ಕೇಳಿ ಬರೆಯಿರಿ.