ಹಕ್ಕರಕಿ ಪಚಡಿ

ಹಿಂಗಾರಿ ಜೋಳದ ಸಾಲಿನಾಗ ಬಿತ್ತದೇ ಹುಟ್ಟುವ ಹಕ್ಕರಕಿ ನಿಮಗೆಲ್ಲಾ ಗೊತ್ತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ರೊಟ್ಟಿ ಜೋಡಿ ತಿನ್ನುತ್ತೇವೆ. ಅದರ ಪಚಡಿ ಮಾಡುವ ರೀತಿ ಬರೆದಿದ್ದೇನೆ.

ಸಾಮಾನು: ಎಳೆ ಹಕ್ಕರಕಿ 2 ಹಿಡಿ, ಮೆಂತ್ಯ ತಪ್ಪಲು 1 ಹಿಡಿ, ಎಳೆ ಕುಸಬಿ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ ಸ್ವಲ್ಪ ಸ್ವಲ್ಪ, ಗುರೆಳ್ಳ ಹಿಂಡಿ 2 ಚಮಚ, ಶೇಂಗಾ ಎಣ್ಣೆ 1 ಚಮಚ, ಅರ್ಧ ಲಿಂಬಿಹಣ್ಣು, ಉಪ್ಪು.

ಮಾಡುವ ರೀತಿ: ಬೇರು ಕತ್ತರಿಸಿ, 3 ಸಲ ನೀರು ಬದಲಿಸಿ ತೊಳೆಯಿರಿ. ಎರಿಮಣ್ಣು ಎಲೆಯ ಬುಡದಾಗ ಕುಂತಿರತೈತಿ. ನೀರು ಆರಿದ ಮೇಲೆ ಸಣ್ಣಗೆ ಹೆಚ್ಚಿ ಹಿಂಡಿ, ಎಣ್ಣೆ ಕಲಸಿರಿ. ಉಪ್ಪು, ಲಿಂಬಿರಸ ಮಾತ್ರ ಊಟಕ್ಕೆ ಕೂಡ್ರುವಾಗ ಹಾಕಿರಿ.

ಯಾಕೆ? "ಮೊದಲ ಉಪ್ಪು ಹಾಕಿದರ ತಪ್ಪಲ ನೀರು ಬಿಡತೈತಿ" ಅಂತಾಳ ನಮ್ಮವ್ವ. ವಿಜ್ಞಾನದಲ್ಲಿ ಇದೇ ಅಭಿಸರಣೆ. ಲಿಂಬಿಯ 'ಸಿ' ಜೀವಸತ್ವವು ಸೊಪ್ಪಿನ ಕಬ್ಬಿಣಾಂಶ ರಕ್ತಕ್ಕೆ ಸೇರಲು ನೆರವಾಗುತ್ತದೆ.

ಕುಸಬಿ ಹೂ ಬಿಟ್ಟಿದ್ದರೆ ಮುಳ್ಳು ಬಿಟ್ಟು ಎಸಳಷ್ಟೇ ಬಿಡಿಸಿ ಮೇಲೆ ಉದುರಿಸಿರಿ. ಕಣಗಲ, ಮದಗುಣಕಿ ಹೂ ವಿಷ. ಗುರುತಿಲ್ಲದ ಹೂ ಬಾಯಿಗೆ ಹಾಕಬೇಡಿ. ತಮ್ಮ ತಂಗಿಯರಿಗೂ ಹೇಳಿರಿ.

ಈಗ ಕಸ ಸಾಯಲು ಔಷಧ ಹೊಡೆಯುತ್ತಾರೆ. ಹೊಡೆದ ಹೊಲದ ತಪ್ಪಲು ಎಷ್ಟು ತೊಳೆದರೂ ತಿನ್ನಬಾರದು. ಹೊಲದವರನ್ನು ಕೇಳಿಯೇ ಕೀಳಿರಿ. ಎಲ್ಲಾ ಕಿತ್ತುಬಿಡಬೇಡಿ. ನಾಲ್ಕು ಗಿಡ ಬಿಟ್ಟರೆ ಹಳದಿ ಹೂ ಅರಳಿ, ಅರಳೆಯಂಥ ಬೀಜ ಗಾಳಿಗೆ ಹಾರಿ, ಬರುವ ವರ್ಷ ಮತ್ತೆ ಹುಟ್ಟತಾವ. ಔಷಧ ಹೊಡೆಯುವ ಹೊಲದಾಗ ಹಕ್ಕರಕಿ ಉಳಿಯೂದಿಲ್ಲ. ಬದುವಿನ ಒಂದು ಬದಿಯನ್ನಾದರೂ ಹಾಗೇ ಬಿಡಲು ನಿಮ್ಮ ಮನೆಯಲ್ಲಿ ಕೇಳಿ ನೋಡಿರಿ.